ಬಿಸಿಲಲ್ಲಿ ಕೂತು ಆದಿತ್ಯನನ್ನು ಕಳಿಸಿಕೊಟ್ಟಿದ್ದು

ಚಂದ್ರಯಾನ-3 ಹಾರುವಾಗ ನಾನು ಆಫೀಸಿನಲ್ಲಿ ಮೊಬೈಲ್ ಹಿಡಿದು ಕೂತಿದ್ದೆ. ಉಡಾವಣೆ ನೋಡಲು ಇರುವ ಶ್ರೀಹರಿಕೋಟದ ಗ್ಯಾಲರಿಗೆ ಹೆಸರು ಹಾಕೋಣ ಅಂತ ಗುರುತಿನ ಚೀಟಿ ಹುಡುಕುವಷ್ಟರಲ್ಲಿ ಸೀಟು ಭರ್ತಿಯಾಗಿತ್ತು. ಸೂರ್ಯನನ್ನು ಅಧ್ಯಯನ ಮಾಡುವ ಇಸ್ರೋ ಉಪಗ್ರಹ ಆದಿತ್ಯ-ಎಲ್1ಕ್ಕೆ ಹಾಗಾಗಬಾರದು ಅಂತ, ಆಗಸ್ಟ್ 29ರ ಮಧ್ಯಾಹ್ನ 12ಕ್ಕೆ ನೋಂದಣಿ ತೆರೆಯುವ ಮೊದಲೇ ಎಲ್ಲಾ ಮುಂದಿಟ್ಟುಕೊಂಡು ಕೂತೆ. ಸಿಕ್ಕಿತು! ಒಂದು ಪೈಸೆ ಖರ್ಚಿಲ್ಲ.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಚೆನ್ನೈಗೆ ರೈಲು. ಬೆಳಗ್ಗೆ ಅಲ್ಲಿಂದ ಲೋಕಲ್ ಹಿಡಿದು ಸೂಳ್ಳೂರುಪೇಟೆ. ಅಲ್ಲಿಂದ ಮುಂದೆ ಪುಲಿಕಾಟ್ ಸರೋವರದ ನಡುವೆ ಹಾಯುವ ರಸ್ತೆ, ಎರಡೂ ಕಡೆ ನೀರು. ಇರುವುದೇ ಅದೊಂದು ದಾರಿ, ಹಾಗಾಗಿ ಬೇಗ ಹೊರಡಿ. ನಾನು ಶೇರ್ ಆಟೋದಲ್ಲಿ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದೆ.

ಗ್ಯಾಲರಿ ಅಂದರೆ ಸ್ಟೇಡಿಯಂ ತರಹದ ಮೆಟ್ಟಿಲುಗಳು. ಟೋಪಿ ಮರೆತಿದ್ದೆ. ಸೂರ್ಯನನ್ನು ನೋಡುವ ಉಪಗ್ರಹ ಕಳಿಸೋದನ್ನು ನೋಡಲು ಬಂದು ಬಿಸಿಲಿಗೆ ಪೇಪರ್ ಮರೆ ಮಾಡಿಕೊಂಡು ಕೂತೆ ಅಂದರೆ ನೋಡಿ. ಪಕ್ಕದಲ್ಲಿ ಗುಂಟೂರಿನ ಕಡೆಯ ಒಬ್ಬರು ಅಮ್ಮ, ತೊಡೆಯ ಮೇಲೆ ಆರು ವರ್ಷದ ಮಗ. ಸೂರ್ಯನ ಹೊರವಲಯವನ್ನು ನೋಡುವ ಆದಿತ್ಯನ ದೊಡ್ಡ ಉಪಕರಣ ವಿಇಎಲ್‌ಸಿಯನ್ನು ಮಾಡಿದ್ದು ಬೆಂಗಳೂರಿನ ಖಭೌತ ಸಂಸ್ಥೆಯವರು. ಅದನ್ನು ನಾನು ಹರುಕು ಮುರುಕು ತೆಲುಗಿನಲ್ಲಿ, ನಾನೇ ಮಾಡಿದ ಹಾಗೆ ಹೇಳಿಕೊಂಡೆ.

11:50. ಪರದೆಯಲ್ಲಿ ಬೆಂಕಿ ಕಂಡಿತು, ಆಮೇಲೆ ಮರಗಳ ಮೇಲಿನಿಂದ ನಿಜವಾದದ್ದೇ ಎದ್ದಿತು. ಅಷ್ಟು ಬೆಳಕು ನಾನು ನಿರೀಕ್ಷಿಸಿರಲಿಲ್ಲ. ಆದಿತ್ಯನನ್ನು ಹೊತ್ತ ರಾಕೆಟ್ ಪಿಎಸ್‌ಎಲ್‌ವಿಯ ಮೊದಲ ಹಂತ, ಪಕ್ಕದ ಬೂಸ್ಟರ್‌ಗಳು ಎಲ್ಲಾ ಘನ ಇಂಧನದವು. ಅದರಲ್ಲಿ ಅಲ್ಯೂಮಿನಿಯಂ ಪುಡಿಯಿದೆ, ಅದಕ್ಕೇ ಆ ಕಣ್ಣು ಕುಕ್ಕುವ ಜ್ವಾಲೆ, ದಟ್ಟ ಬಿಳಿ ಹೊಗೆ. ಟಿವಿಯಲ್ಲಿ ಅದು ಬರೀ ಹಳದಿ ಚುಕ್ಕೆ.

ಸದ್ದು ಮಾತ್ರ ಇಲ್ಲ! ಸೆಕೆಂಡಿಗೆ 340 ಮೀಟರ್ ಲೆಕ್ಕದಲ್ಲಿ ದೂರ ಅಳೆಯೋಣ ಅಂತ ಎಣಿಸಲು ಶುರು ಮಾಡಿದ್ದೆ. ಜನರ ಕೂಗಿನಲ್ಲಿ ಲೆಕ್ಕ ತಪ್ಪಿತು. ಆಗ ಬಂತು. ಮೊದಲು ದೂರದ ಗುಡುಗು, ಮರುಕ್ಷಣ ದಪ್ಪ ಬಟ್ಟೆಯನ್ನು ಯಾರೋ ಪರಪರ ಹರಿಯುತ್ತಾ ಹೋದ ಹಾಗೆ. ಅಂಗಿಯ ಗುಂಡಿಗಳು ಅದುರಿದವು. ಹುಡುಗ ಕಿವಿ ಮುಚ್ಚಿಕೊಂಡ, ಕಣ್ಣು ಮುಚ್ಚಲಿಲ್ಲ. ಆರು ಬೂಸ್ಟರ್‌ಗಳಲ್ಲಿ ನಾಲ್ಕು ನೆಲದ ಮೇಲೆ, ಇನ್ನೆರಡು ಸುಮಾರು 25 ಸೆಕೆಂಡಿಗೆ ಮೇಲೆಯೇ ಹೊತ್ತಿಕೊಳ್ಳುತ್ತವೆ. ಅದನ್ನು ಗುರುತಿಸಬೇಕು ಅಂದುಕೊಂಡಿದ್ದೆ. ಬಾಯಿ ತೆರೆದು ನೋಡುವುದರಲ್ಲಿ ಅದೂ ಹೋಯಿತು.

ಎರಡು ಮೂರು ನಿಮಿಷಕ್ಕೆ ಆಕಾಶದಲ್ಲಿ ಹೊಗೆಯ ಬಾಲ ಮಾತ್ರ ಉಳಿಯಿತು. ಹುಡುಗ ಅಮ್ಮನನ್ನು "ಅಂತೇನಾ?" ಅಂತ ಕೇಳಿದ. ಅಷ್ಟೇನಾ ಅಂತ. ಜನ ಆಗಲೇ ಏಳತೊಡಗಿದ್ದರು. ಉಪಗ್ರಹ ಬೇರ್ಪಡೋದಕ್ಕೆ ಇನ್ನೂ ಒಂದು ಗಂಟೆ ಇತ್ತು. ಪಿಎಸ್‌ಎಲ್‌ವಿ ಇಷ್ಟು ಹೊತ್ತು ತೆಗೆದುಕೊಂಡಿದ್ದು ಅಪರೂಪ.

ಬೇರ್ಪಟ್ಟ ಸುದ್ದಿ ಬಂದಾಗ ನಾವು ಮತ್ತೆ ಅದೇ ಸರೋವರದ ರಸ್ತೆಯಲ್ಲಿ, ಅದೇ ಟ್ರಾಫಿಕ್ಕಿನಲ್ಲಿ ನಿಂತಿದ್ದೆವು. ಆಟೋದವರಿಗೆ ಹೇಳಿದೆ. ಇನ್ನೆಷ್ಟು ದೂರ ಹೋಗಬೇಕು ಅಂದರು. 15 ಲಕ್ಷ ಕಿಲೋಮೀಟರ್ ಅಂದೆ. ಅವರು ಮುಂದಿನ ಬಸ್ಸಿನ ಬೆನ್ನು ನೋಡುತ್ತಾ, "ನಮಗಿಂತ ಮೊದಲೇ ತಲುಪುತ್ತೆ ಬಿಡಿ ಸಾರ್" ಅಂದರು.