ನೀರು ಇಳಿದ ಮೇಲಿನ ಕೆಲಸ: ಮಲಪ್ರಭಾ ದಂಡೆಯಲ್ಲಿ ನನ್ನ ಅನುಭವ

2019ರ ಆಗಸ್ಟ್. ಖಾನಾಪುರ, ಕಣಕುಂಬಿ ಕಡೆ ಹಿಡಿದ ಮಳೆ ಬಿಡಲೇ ಇಲ್ಲ. ನವಿಲುತೀರ್ಥ ಅಣೆಕಟ್ಟು ತುಂಬಿ, ಮಲಪ್ರಭೆ ದಂಡೆ ಮೀರಿ ಊರುಗಳಿಗೆ ನುಗ್ಗಿದಳು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ನಾವು ಐದು ಜನ ಗೆಳೆಯರು ಧಾರವಾಡದಿಂದ ಟೆಂಪೋ ಮಾಡಿಕೊಂಡು, ಬಟ್ಟೆ, ಬಿಸ್ಕತ್ತು ತುಂಬಿಕೊಂಡು ಬಾದಾಮಿ ತಾಲೂಕಿನ ಒಂದು ಊರಿಗೆ ಹೋದೆವು.

ಊರ ಅಗಸಿಯಲ್ಲಿ ಆಗಲೇ ಹಳೆ ಬಟ್ಟೆಯ ರಾಶಿ ಬಿದ್ದಿತ್ತು. ಮಳೆಗೆ ನೆನೆದು ಮುಗ್ಗಲು ವಾಸನೆ ಹೊಡೀತಿತ್ತು. ಊಟಕ್ಕೂ ಕೊರತೆ ಇರಲಿಲ್ಲ, ಸುತ್ತಲಿನ ಊರಿನ ಹೆಣ್ಣುಮಕ್ಕಳು ಗಂಟುಗಟ್ಟಲೆ ಕಡಕ್ ರೊಟ್ಟಿ ಬಡಿದು ಕಳಿಸಿದ್ದರು. ಶಾಲೆಯಲ್ಲಿ ಉಳಿದುಕೊಂಡಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ತಮ್ಮಾ, ಸೀರಿ ಸಾಕಪ್ಪಾ. ಸಲಕಿ, ಬುಟ್ಟಿ ಇದ್ರ ಕೊಡು. ಮನ್ಯಾಗ ಮೊಣಕಾಲಮಟ ರಾಡಿ ಐತಿ" ಅಂದರು.

ಅವತ್ತೇ ಬಾದಾಮಿಗೆ ಹೋಗಿ ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪೌಡರ್ ತಂದೆವು. ಅಲ್ಲಿಂದ ಮುಂದೆ, ಏನು ಬೇಕು ಅಂತ ಕೇಳದೆ ಒಂದು ಸಾಮಾನೂ ಒಯ್ಯಲಿಲ್ಲ.

ಹೊಳೆಯ ರಾಡಿ ಹಸಿ ಇರುವಾಗಲೇ ಎಳೆದು ಹಾಕಬೇಕು. ಒಣಗಿದರೆ ಕಲ್ಲಾಗುತ್ತದೆ, ಆಮೇಲೆ ಗುದ್ದಲಿಯೇ ಬೇಕು. ಒಳಗೆ ಹಾವು, ಚೇಳು ಇರುತ್ತವೆ, ಹಾಗಾಗಿ ಮೊದಲು ಕೋಲಿನಿಂದ ಕೆದಕುತ್ತಿದ್ದೆವು. ಅದಕ್ಕಿಂತ ಜಾಸ್ತಿ ಭಯ ಗೋಡೆಯದು. ಮಣ್ಣಿನ ಗೋಡೆ ನೀರಲ್ಲಿ ನಿಂತೇ ಇರುತ್ತದೆ, ನೀರು ಇಳಿದು ನಾಲ್ಕಾರು ದಿನ ಆದ ಮೇಲೆ ಕುಸಿಯುತ್ತದೆ. ಬುಡ ಉಬ್ಬಿದ ಮನೆಯೊಳಗೆ ಯಾರನ್ನೂ ಬಿಡಲಿಲ್ಲ. ಬಾವಿಗೆ ಬ್ಲೀಚಿಂಗ್ ಪೌಡರನ್ನು ಸುಮ್ನೆ ಎರಚಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕಲಕಬೇಕು. ಇದನ್ನು ಊರಿನ ಆಶಾ ಕಾರ್ಯಕರ್ತೆ ನಮಗೆ ಹೇಳಿಕೊಟ್ಟರು.

ಮೂರನೇ ದಿನ ಆ ಅಜ್ಜಿ ತಮ್ಮ ಟ್ರಂಕು ತೆಗೆದರು. ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಹೊಲದ ಉತಾರ (ಪಹಣಿ), ಮೊಮ್ಮಗನ ಮಾರ್ಕ್ಸ್ ಕಾರ್ಡು ಎಲ್ಲಾ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಅವರು ಬೆರಳಿನಿಂದ ಬಿಡಿಸಲು ಹೋದಾಗ ಪಾಸ್‌ಬುಕ್ಕಿನ ಫೋಟೋ ಕಿತ್ತುಕೊಂಡು ಬಂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದರು. ಪರಿಹಾರದ ದುಡ್ಡು ಬರಬೇಕಾದರೆ ಈ ಕಾಗದಗಳೇ ಬೇಕಲ್ವಾ? ನಮ್ಮ ದೊಡ್ಡ ಕೆಲಸ ಯಾವುದು ಅಂತ ಅವತ್ತು ಗೊತ್ತಾಯಿತು.

ಶಾಲೆಯ ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಇಡೀ ಓಣಿಯ ಕಾಗದ ಒಣಗಿಸಿದೆವು. ಬಿಸಿಲಿಗೆ ಹಾಕಲಿಲ್ಲ, ನೆರಳಲ್ಲೇ. ಅಂಟಿದ ಹಾಳೆಗಳ ನಡುವೆ ಹಳೆ ನ್ಯೂಸ್‌ಪೇಪರ್ ತೂರಿಸಿ, ತಾವಾಗಿ ಬಿಡುವ ತನಕ ಕಾದೆವು. ಲ್ಯಾಮಿನೇಟ್ ಮಾಡಿದ್ದ ಆಧಾರ್‌ ಒಳಗೂ ನೀರು ಹೋಗಿತ್ತು, ಅಂಚು ಕತ್ತರಿಸಿ ಗಾಳಿ ಆಡಿಸಿದೆವು. ಓದಲು ಬಂದದ್ದನ್ನೆಲ್ಲ ಫೋಟೋ ತೆಗೆದು, ಮನೆಗೊಂದು ಪುಟದಂತೆ ನೋಟ್‌ಬುಕ್ಕಿನಲ್ಲಿ ನಂಬರ್ ಬರೆದುಕೊಂಡೆವು.

ಆ ನೋಟ್‌ಬುಕ್ಕೇ ಮುಂದೆ ಕೈ ಹಿಡಿಯಿತು. ತಕ್ಷಣದ ಪರಿಹಾರ ಮನೆಗೆ 10,000 ರೂಪಾಯಿ. ಮನೆ ಪೂರ್ತಿ ಬಿದ್ದಿದ್ದರೆ 5 ಲಕ್ಷ, ಅದೂ ಕಂತಿನಲ್ಲಿ. ಸರ್ವೆಗೆ ಬಂದವರು ಅಜ್ಜಿಯ ಮನೆ ನಿಂತಿದೆ ಅಂತ ಸಣ್ಣ ಹಾನಿ ಎಂದು ಬರೆದುಕೊಂಡು ಹೋದರು. ಮುಂದಿನ ವಾರ ಹಿಂದಿನ ಗೋಡೆ ಕುಸಿದು ಮಾಳಿಗೆ ಕೂತಿತು. ಬಿರುಕು ಬಿಟ್ಟಾಗಿನ ಫೋಟೋ, ಬಿದ್ದ ಮೇಲಿನ ಫೋಟೋ, ಎರಡರಲ್ಲೂ ತಾರೀಖು ಇತ್ತು. ಅವನ್ನು ಇಟ್ಟು ಮರು ಸರ್ವೆಗೆ ಅರ್ಜಿ ಬರೆದೆವು. ಕಚೇರಿಗೆ ಏಳು ಸಲ ಅಲೆದೆವು. ಅಜ್ಜಿ ಒಬ್ಬರೇ ಹೋಗಿದ್ದರೆ ಎರಡನೇ ಸಲಕ್ಕೇ ಕೈಬಿಡುತ್ತಿದ್ದರು, ಬಸ್ ಚಾರ್ಜಿಗೂ ದುಡ್ಡಿರಲಿಲ್ಲ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಸಾಕು, ಮಾತಾಡುವ ಧೈರ್ಯ ಬರುತ್ತದೆ. ಅಕ್ಕಿ ಮೂಟೆಗಿಂತ ಇದೇ ದೊಡ್ಡ ಸಹಾಯ ಅಂತ ನಾನು ಈಗಲೂ ನಂಬಿದ್ದೇನೆ.

ಅಕ್ಟೋಬರಿನಲ್ಲಿ ಹೊಳೆ ಮತ್ತೆ ಬಂತು. ತಾಡಪತ್ರಿ ಶೆಡ್ಡಿನಲ್ಲಿದ್ದವರು ಮತ್ತೆ ಶಾಲೆ ಸೇರಿದರು. ಎತ್ತರದ ಜಾಗಕ್ಕೆ ಊರನ್ನೇ ಯಾಕೆ ಎಬ್ಬಿಸಬಾರದು ಅಂತ ನಾನೂ ಕೇಳಿದ್ದೆ. 2009ರ ನೆರೆ ಆದ ಮೇಲೆ ಸರ್ಕಾರದ 'ಆಸರೆ' ಯೋಜನೆಯಲ್ಲಿ ಕಟ್ಟಿದ ಮನೆಗಳು ಎಷ್ಟೋ ಕಡೆ ಖಾಲಿ ಬಿದ್ದಿವೆ. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ. ರೈತನ ಮನೆ ಎಂದರೆ ಎತ್ತಿಗೂ ಮನೆ. ಅದಕ್ಕೇ ಅಜ್ಜಿಯ ಹೊಸ ಮನೆಗೆ ಪಾಯ ಹಾಕುವಾಗ ಅಡುಗೆಮನೆಗಿಂತ ಮೊದಲು ಗ್ವಾದಲಿಯ (ದನಕ್ಕೆ ಮೇವು ಹಾಕುವ ಕಟ್ಟೆ) ಜಾಗ ಗುರುತು ಮಾಡಿಸಿದರು.

ಈಗ ಪ್ರತಿ ವರ್ಷ ಮೇ ಕೊನೆಯಲ್ಲಿ ಆ ಊರಿಗೆ ಹೋಗುತ್ತೇವೆ. ಮನೆಮನೆಯ ಕಾಗದದ ಹೊಸ ಫೋಟೋ ತೆಗೆದು, ಮೂಲ ಪ್ರತಿಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಸುತ್ತೇವೆ. ಅಜ್ಜಿಯ ಡಬ್ಬಿ ಜಂತಿಗೆ ತೂಗುಹಾಕಿದೆ. ಕಿತ್ತು ಬಂದಿದ್ದ ಆ ಫೋಟೋವೂ ಅದರೊಳಗೇ ಇದೆ.