ಕೋಚ್ ಕರೆದರೆಂದು ಫೀಸು ಇಳಿಯುವುದಿಲ್ಲ

ಅಮೆರಿಕಕ್ಕೆ ಬಂದ ಕನ್ನಡಿಗ ತಂದೆತಾಯಿಗಳು ಇಲ್ಲಿನ ಕಾಲೇಜು ಕೋಚ್‌ರನ್ನು ಮೊದಮೊದಲು ನಮ್ಮ ಕಾಲೇಜುಗಳ ಪಿ.ಟಿ. ಮೇಷ್ಟ್ರಂತೆ ಭಾವಿಸುತ್ತಾರೆ, ಅವರ ವರ್ಚಸ್ಸು ಕಂಡ ಮೇಲೆ ಎಲ್ಲವೂ ಅವರ ಕೈಯಲ್ಲಿದೆ ಎಂದುಕೊಳ್ಳುತ್ತಾರೆ. ಎರಡೂ ತಪ್ಪು.

ಈ ವರ್ಚಸ್ಸಿನ ಮೂಲ ಅಮೆರಿಕನ್ ಫುಟ್‌ಬಾಲ್ ಕೋಚ್ ಅಮೋಸ್ ಅಲೋಂಜೊ ಸ್ಟ್ಯಾಗ್ ಅವರಂಥವರಲ್ಲಿದೆ. 1862ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಯೇಲ್ ಸೇರಿ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ಅವರನ್ನು, ಅಲ್ಲಿ ಅವರಿಗೆ ಪಾಠ ಹೇಳಿದ್ದ ವಿಲಿಯಂ ರೇನಿ ಹಾರ್ಪರ್ 1892ರಲ್ಲಿ ತಮ್ಮ ಹೊಸ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಕರೆತಂದು ಪ್ರಾಧ್ಯಾಪಕರ ಸಾಲಿನಲ್ಲೇ ಕಾಯಂ ಹುದ್ದೆ ಕೊಟ್ಟರು. ಮೊದಲ ವರ್ಷ ಆಟಗಾರರ ಕೊರತೆಯಿಂದ ಕೋಚ್ ಸ್ವತಃ ಮೈದಾನಕ್ಕಿಳಿದು ಆಡಿದ್ದೂ ಉಂಟು. ನಲವತ್ತೊಂದು ಸೀಸನ್‌ಗಳ ಬಳಿಕ, ಎಪ್ಪತ್ತಾಯಿತೆಂದು ನಿವೃತ್ತಿ ಹೇರಿದಾಗ ಅವರು ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್ ಸೇರಿ 1946ರವರೆಗೆ ತರಬೇತಿ ನೀಡಿದರು. ತೀರಿಕೊಂಡಾಗ ಅವರ ವಯಸ್ಸು 102.

ಅವರು ಬಿಟ್ಟುಹೋದ ಶಿಕಾಗೋ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. 1969ರಲ್ಲಿ ಆಟ ಮರಳಿತಾದರೂ ಆ ವಿಶ್ವವಿದ್ಯಾಲಯ ಇಂದು ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಕೊನೆಯದಾದ ಡಿವಿಷನ್ ಮೂರರಲ್ಲಿದೆ. ಆ ಡಿವಿಷನ್‌ನ ಫುಟ್‌ಬಾಲ್ ಫೈನಲ್‌ಗೆ ಸ್ಟ್ಯಾಗ್ ಬೌಲ್ ಎಂದೇ ಹೆಸರು, ಆದರೆ ಅಲ್ಲಿ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವೂ ಇಲ್ಲ.

ನಮ್ಮವರು ಎಡವುವುದು ಇಲ್ಲೇ. ಪರಿಚಯದ ಕುಟುಂಬವೊಂದರ ಮಗಳು ಒಳ್ಳೆಯ ಈಜುಗಾರ್ತಿ. ಡಿವಿಷನ್ ಮೂರರ ಕೋಚ್ ಒಬ್ಬರು ಕ್ಯಾಂಪಸ್ಸಿಗೆ ಕರೆಸಿ, ತಂಡದ ಹುಡುಗಿಯರೊಂದಿಗೆ ಊಟಕ್ಕೆ ಕೂರಿಸಿ, 'ಅರ್ಲಿ ಡಿಸಿಷನ್'ನಲ್ಲಿ ಅರ್ಜಿ ಹಾಕಿ ಎಂದರು. ಸೀಟು ಸಿಕ್ಕಿತು. ಆದರೆ ಈ ಬಗೆಯ ಅರ್ಜಿಯಲ್ಲಿ ಸೀಟು ಸಿಕ್ಕರೆ ಉಳಿದ ಕಾಲೇಜುಗಳ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು. ಅಂಕ ನೋಡಿ ಫೀಸಿನಲ್ಲಿ ರಿಯಾಯಿತಿ ಕೊಡುತ್ತಿದ್ದ ಕಾಲೇಜುಗಳ ಬಾಗಿಲು ಮುಚ್ಚಿತು. ಗಂಡ ಹೆಂಡತಿ ಇಬ್ಬರೂ ಒಳ್ಳೆಯ ಸಂಬಳಕ್ಕೆ ದುಡಿಯುವ ಮನೆಗೆ ಆದಾಯ ನೋಡಿ ಕೊಡುವ ನೆರವು ಸಿಗುವುದು ಅಪರೂಪ, ಹಾಗಾಗಿ ಪೂರ್ತಿ ಫೀಸಿನ ಬಿಲ್ ಬಂತು. ಡಿವಿಷನ್ ಒಂದರಲ್ಲಿದ್ದರೂ ಹಾರ್ವರ್ಡ್, ಯೇಲ್ ಮೊದಲಾದ ಐವಿ ಲೀಗ್ ಕಾಲೇಜುಗಳಲ್ಲಿಯೂ ಆಟಕ್ಕೆ ವಿದ್ಯಾರ್ಥಿವೇತನವಿಲ್ಲ ಎಂಬುದು ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ.

ನಮ್ಮ ಸಿಇಟಿಯ ಕ್ರೀಡಾ ಕೋಟಾದ ಬಗ್ಗೆ ದೂರುಗಳಿರಬಹುದು, ಆದರೂ ಯಾವ ಪ್ರಮಾಣಪತ್ರಕ್ಕೆ ಯಾವ ಆದ್ಯತೆ ಎಂಬುದಕ್ಕೆ ಅಲ್ಲಿ ಬರೆದಿಟ್ಟ ನಿಯಮವಿದೆ. ಆ ಮಟ್ಟಿಗೆ ಅದೇ ಮೇಲು. ಇಲ್ಲಿನ ಇಂಥ ಕಾಲೇಜುಗಳಲ್ಲಿ ಕೋಚ್ ಪ್ರವೇಶ ಕಚೇರಿಗೆ ಶಿಫಾರಸು ಮಾಡಬಲ್ಲರು, ಫೀಸು ಇಳಿಸಲಾರರು. ಆದ್ದರಿಂದ ಅರ್ಜಿಗೆ ಮುನ್ನ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ (ನೆರವು ಕಳೆದು ನೀವು ಕಟ್ಟಬೇಕಾದ ಮೊತ್ತದ ಅಂದಾಜು ಕೊಡುವ ಸಾಧನ) ನಿಮ್ಮ ಆದಾಯ ತುಂಬಿ ನೋಡಿ. ಹಣಕಾಸಿನ 'ಪ್ರಿ-ರೀಡ್', ಅಂದರೆ ಅರ್ಜಿಗೆ ಮುನ್ನವೇ ಕಾಲೇಜು ನೆರವಿನ ಅಂದಾಜು ಹೇಳುವ ಪರಿಶೀಲನೆ, ಮಾಡಿಸಿಕೊಡಲು ಸಾಧ್ಯವೇ ಎಂದು ಕೋಚ್‌ರನ್ನೇ ಕೇಳಿ. ಅರ್ಲಿ ಡಿಸಿಷನ್ ಒಪ್ಪಂದಕ್ಕೆ ಮಗುವಿನ ಸಹಿಯ ಜೊತೆ ನಿಮ್ಮ ಸಹಿಯೂ ಬೇಕು. ಫೀಸಿನ ಅಂದಾಜು ಕೈಗೆ ಬರುವವರೆಗೆ ಅದನ್ನು ಹಾಕಬೇಡಿ.