25 ಅಂಕಿಗಳಲ್ಲೇ ನಿಂತುಹೋಗುವ ಸಂಖ್ಯೆ

3608528850368400786036725 ಎಂಬ 25 ಅಂಕಿಗಳ ಸಂಖ್ಯೆಗೆ ಒಂದು ವಿಚಿತ್ರ ಗುಣವಿದೆ. ಎಡದಿಂದ ಮೊದಲ ಎರಡು ಅಂಕಿಗಳ 36 ಎರಡರಿಂದ, 360 ಮೂರರಿಂದ, 3608 ನಾಲ್ಕರಿಂದ, ಹೀಗೆ ಮುಂದುವರಿದು ಇಡೀ ಸಂಖ್ಯೆ 25ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ದಶಮಾನ ಪದ್ಧತಿಯಲ್ಲಿ ಈ ಗುಣವುಳ್ಳ ಸಂಖ್ಯೆಗಳ ಪೈಕಿ ಇದೇ ಅತಿ ದೊಡ್ಡದು. ಏಕೆ ಎಂಬುದನ್ನು ಸ್ವತಃ ಲೆಕ್ಕ ಹಾಕಿ ತಿಳಿಯುವ ಉದ್ದೇಶದಿಂದ, ಮೊದಲು ಇದರ ಚಿಕ್ಕ ರೂಪವನ್ನು ಕಾಗದದ ಮೇಲೆ ಬಿಡಿಸಿದೆ: 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಇಂಥ ಸಂಖ್ಯೆಯನ್ನು ಕಟ್ಟಬೇಕು.

ಒಟ್ಟು ಜೋಡಣೆಗಳು 362880. ಆದರೆ ಅವನ್ನೆಲ್ಲ ಪರೀಕ್ಷಿಸುವ ಅಗತ್ಯವೇ ಬೀಳಲಿಲ್ಲ. ಐದನೆಯ ಸ್ಥಾನದಲ್ಲಿ 5 ಇರಲೇಬೇಕು. ಸಮ ಸ್ಥಾನಗಳನ್ನು 2, 4, 6, 8 ತುಂಬುವುದರಿಂದ ಉಳಿದ ಸ್ಥಾನಗಳಲ್ಲಿ ಬೆಸ ಅಂಕಿಗಳೇ ಬರುತ್ತವೆ. ಮೂರನೆಯ ಅಂಕಿ ಬೆಸವಾದ್ದರಿಂದ, 4ರ ನಿಯಮದಂತೆ ನಾಲ್ಕನೆಯದು 2 ಅಥವಾ 6 ಆಗಬೇಕು. ಮೊದಲ ಮೂರರ ಮೊತ್ತವೂ ಮೊದಲ ಆರರ ಮೊತ್ತವೂ 3ರಿಂದ ಭಾಗವಾಗಬೇಕಾದ್ದರಿಂದ ನಡುವಿನ ಮೂರು ಅಂಕಿಗಳು 258 ಅಥವಾ 654 ಮಾತ್ರ. ಏಳನೆಯ ಮತ್ತು ಎಂಟನೆಯ ಅಂಕಿಗಳಿಂದಾಗುವ ಎರಡಂಕಿಯ ಸಂಖ್ಯೆ 8ರ ಅಪವರ್ತ್ಯವಾಗಬೇಕೆಂಬ ನಿಯಮವನ್ನೂ ಸೇರಿಸಿದಾಗ ಹತ್ತೇ ಸಂಖ್ಯೆಗಳು ಉಳಿದವು. ಅವುಗಳನ್ನು ಜರಡಿ ಹಿಡಿಯುವ ಕೆಲಸವನ್ನು 7ಕ್ಕೆ ಬಿಟ್ಟೆ. ಪ್ರತಿಯೊಂದರ ಮೊದಲ ಏಳು ಅಂಕಿಗಳನ್ನು 7ರಿಂದ ಭಾಗಿಸಿದರೆ, 1472589ಕ್ಕೆ ಶೇಷ 6, 9876543ಕ್ಕೆ 5. 3816547 ಮಾತ್ರ 7 × 545221 ಆಗಿ ಸರಿಹೊಂದಿತು. ಉತ್ತರ 381654729, ಬೇರೊಂದಿಲ್ಲ. 7ರ ನಿಯಮವನ್ನು ಕೊನೆಗೆ ಉಳಿಸಿಕೊಳ್ಳುವುದೇ ಇಲ್ಲಿನ ಜಾಣತನ ಎಂದು ನನ್ನ ಅಭಿಪ್ರಾಯ.

ಅಂಕಿಗಳು ಮರುಕಳಿಸಬಹುದು ಎಂದೊಡನೆ ಕಾಗದ ಸಾಲದು. ಹಾಗಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಂ ಬರೆದೆ. ಕಂಪ್ಯೂಟರ್ ಸಾಮಾನ್ಯವಾಗಿ ಬಳಸುವ 64 ಬಿಟ್‌ನ ಪೂರ್ಣಾಂಕ 19 ಅಂಕಿಗಳ ಆಸುಪಾಸಿನಲ್ಲೇ ಕೈಕೊಡುತ್ತದೆ, ಪೈಥಾನ್‌ನ ಪೂರ್ಣಾಂಕಕ್ಕೆ ಆ ತೊಡಕಿಲ್ಲ. ಸರಿಯಾದ ಪ್ರತಿ ಸಂಖ್ಯೆಯ ಬಲಕ್ಕೂ 0ಯಿಂದ 9ರವರೆಗೆ ಒಂದೊಂದೇ ಅಂಕಿ ಸೇರಿಸಿ, ಭಾಗವಾದವನ್ನು ಮಾತ್ರ ಇಟ್ಟುಕೊಂಡು ಮುಂದುವರಿಯುವುದಷ್ಟೇ ಅದರ ಕೆಲಸ. ಒಂಬತ್ತು ಅಂಕಿಗಳಲ್ಲಿ 2492 ಸಂಖ್ಯೆಗಳು ಸಿಕ್ಕವು. ಹತ್ತರಲ್ಲೂ ಅಷ್ಟೇ, ಏಕೆಂದರೆ ಅಲ್ಲಿ 0 ಒಂದಕ್ಕೇ ಅವಕಾಶ. ಅನಂತರ ಇಳಿಮುಖ. ಅಂಕಿ ಸೇರಿಸಿದಾಗ ಸಿಗುವುದು ಹತ್ತು ಅನುಕ್ರಮ ಸಂಖ್ಯೆಗಳು. ಅವುಗಳಲ್ಲಿ 11ರ ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯ ಅಪವರ್ತ್ಯ ಹೆಚ್ಚೆಂದರೆ ಒಂದಿರಬಹುದು, ಇಲ್ಲದೆಯೂ ಹೋಗಬಹುದು. ಇಪ್ಪತ್ತು ಅಂಕಿಗಳಿಗೆ ಬರುವಷ್ಟರಲ್ಲಿ 44, ಇಪ್ಪತ್ತನಾಲ್ಕರಲ್ಲಿ 3, ಇಪ್ಪತ್ತೈದರಲ್ಲಿ ಒಂದೇ.

ಆ ಒಂದನ್ನೂ ಮುಂದುವರಿಸಲು ಕೈಯಾರೆ ಪ್ರಯತ್ನಿಸಿದೆ. ಕೊನೆಗೆ 0 ಸೇರಿಸಿ 26ರಿಂದ ಭಾಗಿಸಿದರೆ ಶೇಷ 12 ಉಳಿಯುತ್ತದೆ. ಅದನ್ನು ತುಂಬಲು ಇನ್ನೂ 14 ಬೇಕು; ಒಂದು ಸ್ಥಾನದಲ್ಲಿ ಹಿಡಿಸುವುದು 9ರವರೆಗೆ ಮಾತ್ರ.